ಒಲೆ ಮೂರು, ನಂಬರು ಒಂದು

ಹಿರಿಮಗನ ಮದುವೆಗೆ ಪಡಸಾಲೆಯ ನಡುವೆ ಗೋಡೆ ಎದ್ದಿತು. ನಡುವಿನವನ ಮದುವೆಗೆ ಎಮ್ಮೆ ಹೊರಗೆ ಹೋಯಿತು, ಕೊಟ್ಟಿಗೆ ಸುಣ್ಣ ಕಂಡಿತು. ಕಿರಿಯವನಿಗೆ ಹಿತ್ತಲಲ್ಲಿ ನಾಲ್ಕು ಕಂಬ, ಮೇಲೆ ಪತ್ರಾಸ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಯಾವ ಊರಿನ ಯಾವ ಓಣಿಗೆ ಬೇಕಾದರೂ ಹೋಗಿ, ಒಂದು ತಲಬಾಗಿಲೊಳಗೆ ಎರಡು ಮೂರು ಒಲೆ ಉರಿಯುತ್ತಿರುತ್ತವೆ. ಪಂಚಾಯತಿಯ ದಫ್ತರದಲ್ಲಿ ಮಾತ್ರ ಅಲ್ಲಿರುವುದು ಒಂದೇ ಮನೆ. ಒಂದು ನಂಬರು, ಒಂದು ಹೆಸರು. ಅದೂ ಬಹಳ ಸಲ ಸತ್ತು ಹೋದ ಅಜ್ಜನ ಹೆಸರು.

ಹಿತ್ತಲಲ್ಲಿ ಎರಡನೆಯ ಮನೆ ಕಟ್ಟಬ್ಯಾಡ್ರಿ ಎಂದು ಯಾವ ಸರಕಾರವೂ ಡಂಗುರ ಹೊಡೆಸಿಲ್ಲ. ಅಷ್ಟು ಧೈರ್ಯ ಯಾರಿಗಿದೆ? ಕಟ್ಟುವುದನ್ನು ತಡೆಯಲಾರದ ಕಾಯ್ದೆ, ಕಟ್ಟಿದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಮನೆಗೆ ನಂಬರು ಕೊಡುವುದಿಲ್ಲ. ನಂಬರಿಲ್ಲದ ಮನೆಗೆ ಮೀಟರಿಲ್ಲ, ಬ್ಯಾಂಕಿನ ಸಾಲವಿಲ್ಲ, ಹೊಳೆ ಬಂದು ಬೀಳಿಸಿಕೊಂಡು ಹೋದರೆ ಪರಿಹಾರವೂ ಇಲ್ಲ. ಮನೆ ಇದ್ದೂ ಇಲ್ಲದಂತೆ ಬದುಕಿಸುವ ಈ ಹಿಕಮತ್ತಿನ ಮೇಲೆ ನನ್ನ ಸಿಟ್ಟು.

ನಿಯಮದ ಪಾಠ ನಮಗೆ ಚೆನ್ನಾಗಿ ಬಾಯಿಪಾಠವಾಗಿದೆ. ಹಳ್ಳಿಯಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ ಪಂಚಾಯತಿಯ ಪರವಾನಗಿ ಬೇಕು. ಪಟ್ಟಣದಲ್ಲಾದರೆ 1964ರ ಪುರಸಭೆಗಳ ಕಾಯ್ದೆಯ 187ನೇ ಕಲಮು. ಪರವಾನಗಿಗೆ ಉತಾರ ಬೇಕು. ಉತಾರ ಎಂದರೆ 2013ರಿಂದ ಈಚೆಗೆ ಇ-ಸ್ವತ್ತು. ಊರಿನ ವಸತಿ ಜಾಗವಾದ ಗಾವಠಾಣದ ಗೆರೆಯೊಳಗಿನ ನೆಲಕ್ಕೆ, ಇಲ್ಲವೇ ಎನ್.ಎ. (ಕೃಷಿಯೇತರ) ಆದ ಜಾಗಕ್ಕೆ ಮಾತ್ರ ಅದರ ನಮೂನೆ 9. ಅಜ್ಜನ ಹೆಸರಿನಲ್ಲಿರುವುದು ಮೂವರು ಮೊಮ್ಮಕ್ಕಳ ಹೆಸರಿಗೆ ಬರಬೇಕಾದರೆ ಮೊದಲು ವಾರಸಾ, ಆಮೇಲೆ ಪಾಲು ಹಂಚುವ ವಾಟ್ನಿ, ಆಮೇಲೆ ನೋಂದಣಿ. ಪುಣೆಗೆ ಕೊಟ್ಟ ತಂಗಿಯ ಸಹಿ, ಇಚಲಕರಂಜಿಯ ಮಗ್ಗಕ್ಕೆ ದುಡಿಯಲು ಹೋದ ಕಾಕಾನ ಮಗನ ಸಹಿ. ತಂಗಿ ಸಹಿ ಮಾಡಲೇಬೇಕು ಎನ್ನುವುದು ನ್ಯಾಯ. ಅವಳ ಪಾಲು ಅವಳಿಗೆ ಹೋಗಲಿ. ಆದರೆ ಹತ್ತು ಅಡಿ ಅಗಲದ ಖೋಲಿಗೆ ನಂಬರು ಹಾಕಿಸಲು ಮೂರು ತಲೆಮಾರಿನ ಕಾಗದ ಜೋಡಿಸು ಎಂದು ಕೂಲಿಯವನಿಗೆ ಹೇಳುವ ವ್ಯವಸ್ಥೆ, ಅವನು ಜೋಡಿಸಲಾರ ಎಂದು ಗೊತ್ತಿದ್ದೇ ಹೇಳುತ್ತದೆ.

ಇನ್ನು ಆ ಗಾವಠಾಣದ ಗೆರೆ. ಅದರ ಮೂಲ ನಮ್ಮ ಮುತ್ತಜ್ಜಂದಿರ ಕಾಲದ್ದು. ಆಗ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಸರಪಳಿ ಹಿಡಿದು ಬಂದ ಸರ್ವೆಯವರು ಊರು ಇಷ್ಟೇ ಎಂದು ಕಲ್ಲು ನೆಟ್ಟು ಹೋದರು. ಆಮೇಲೆ ಕೃಷ್ಣೆಯಿಂದ ನೀರು ಎತ್ತಿದೆವು, ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ಉಗಾರಿನಲ್ಲಿ, ಕೊಕಟನೂರಿನಲ್ಲಿ, ಬೇಡಕಿಹಾಳದಲ್ಲಿ, ಚಿಕ್ಕೋಡಿಯಲ್ಲಿ ಕಾರ್ಖಾನೆಯ ಚಿಮಣಿ ಎದ್ದವು. ಗೆರೆ ಮಾತ್ರ ಬಹುಪಾಲು ಊರುಗಳಲ್ಲಿ ಅಲ್ಲೇ ನಿಂತಿತು. ಕೆಲವು ಕಡೆ ಆಶ್ರಯ ಬಡಾವಣೆಯ ಹೆಸರಲ್ಲಿ ನಾಲ್ಕು ಎಕರೆ ಸೇರಿಸಿದರು. ಉಳಿದಲ್ಲಿ ಹೊಸ ಸಂಸಾರ ಹಿತ್ತಲಿಗೆ ಹೋಗಬೇಕು, ಇಲ್ಲವೇ ಹೊಲಕ್ಕೆ.

ಗಡಿಯಾಚೆ ನೋಡಿ. ನಿಪ್ಪಾಣಿಯಿಂದ ಕೊಗನೊಳ್ಳಿ ಟೋಲ್ ನಾಕಾ ದಾಟಿದರೆ ಕಾಗಲ್ ತಾಲೂಕು. ಕಾಗವಾಡದಿಂದ ಆಚೆ ಕಾಲಿಟ್ಟರೆ ಮ್ಹೈಸಾಳ, ಮಿರಜ್. ಅದೇ ಕಪ್ಪು ಮಣ್ಣು, ಅದೇ ಕಬ್ಬು, ಎಷ್ಟೋ ಮನೆಗಳಲ್ಲಿ ಅದೇ ಅಡ್ಡಹೆಸರು. ಮಹಾರಾಷ್ಟ್ರದ ಭೂಕಂದಾಯ ಸಂಹಿತೆಯ 42ಡಿ ಕಲಮು ಗಾವಠಾಣದ ಅಂಚಿನಿಂದ 200 ಮೀಟರ್‌ವರೆಗಿನ ಜಮೀನನ್ನು, ನಿಗದಿಯಾದ ಶುಲ್ಕ ಕಟ್ಟಿದರೆ, ವಸತಿಗೆ ಪರಿವರ್ತನೆಯಾದ ಹಾಗೆಯೇ ಲೆಕ್ಕ ಹಿಡಿಯುತ್ತದೆ. ಆ ಕಡೆ ಎಲ್ಲ ಸರಳವಾಗಿದೆ ಎಂದು ನಾನು ಹೇಳುವುದಿಲ್ಲ, ಅಲ್ಲಿಯ ತಲಾಠಿಯೂ ತಲಾಠಿಯೇ. ಆದರೆ ಊರು ಬೆಳೆಯುತ್ತದೆ ಎಂಬ ಮಾತನ್ನು ಅಲ್ಲಿಯ ಕಾಯ್ದೆ ಒಪ್ಪಿಕೊಂಡಿದೆ. 1956ರಿಂದ ಇಂಚಿಂಚು ನೆಲಕ್ಕೆ ಮಹಾರಾಷ್ಟ್ರದ ಜೊತೆ ಬಡಿದಾಡಿದ ನಾವು, ಬೆಳಗಾವಿಯಲ್ಲಿ ಸುವರ್ಣಸೌಧ ಎಬ್ಬಿಸಿ ಚಳಿಗಾಲಕ್ಕೆ ಅಲ್ಲಿ ಅಧಿವೇಶನ ಕೂಡುವ ನಾವು, ಆ ನೆಲದ ಮೇಲೆ ಮಲಗುವವನಿಗೆ ಇನ್ನೂರು ಮೀಟರ್ ಕೊಡಲು ತಯಾರಿಲ್ಲ. ಗಡಿಯ ಮಾತು ಬಂದಾಗ ಗಂಟಲು ಹರಿಯುವಂತೆ ಕೂಗುವವರು ಹಿತ್ತಲ ಮಾತು ಬಂದಾಗ ಎಲೆ-ಅಡಿಕೆ ಹಾಕಿಕೊಳ್ಳುತ್ತಾರೆ.

ಹೊಲಕ್ಕೆ ಹೋದವರ ಕತೆ ಬೇರೆ. ನಮ್ಮಲ್ಲಿ ಅರ್ಧ ಊರು ತೋಟದಲ್ಲೇ ಇದೆ. ಅಥಣಿ, ರಾಯಬಾಗದ ಯಾವ ರಸ್ತೆಯಲ್ಲಿ ರಾತ್ರಿ ಬಸ್ಸಿನಲ್ಲಿ ಬಂದರೂ ಕಬ್ಬಿನ ನಡುವೆ ಒಂಟಿ ಬಲ್ಬುಗಳು ಕಾಣುತ್ತವೆ, ಅವೆಲ್ಲ ತೋಟದ ವಸ್ತಿಗಳು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ರೈತ ತನ್ನ ಹೊಲದಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು ಎನ್ನುತ್ತದೆ. ಎಷ್ಟು? ಹಿಡುವಳಿಯ ಶೇ. 10ಕ್ಕೆ ಮೀರದಂತೆ, ಅದಕ್ಕೂ ಮೇಲೊಂದು ಮಿತಿ. ಈಗ ಲೆಕ್ಕ ಹಾಕಿ. ಎಕರೆಯವನಿಗೆ ನಾಲ್ಕು ಗುಂಟೆ. ವಾಟ್ನಿಯಾಗಿ ಹತ್ತು ಗುಂಟೆ ಉಳಿದವನಿಗೆ ಒಂದು ಗುಂಟೆ, ಅಂದರೆ 1089 ಚದರಡಿ, ಅದರಲ್ಲೇ ಎಮ್ಮೆ, ಮೇವಿನ ಬಣವೆ, ಪಂಪಿನ ಖೋಲಿ. ಹೊಲವೇ ಇಲ್ಲದವನಿಗೆ ಸೊನ್ನೆಯ ಶೇ. 10.

ಅದೇ ಕಲಮಿನಲ್ಲಿ ಇನ್ನೊಂದು ಸೊಗಸಿದೆ. ತೋಟದ ಮನೆ ಕಟ್ಟುವ ಹಕ್ಕು ಹೊಲದ ಒಡೆಯನಿಗೆ. ಅಂದರೆ ಧಣಿ ಮನೆ ಕಟ್ಟಬಹುದು, ಆಳು ತನಗಾಗಿ ಕಟ್ಟಿಕೊಳ್ಳುವಂತಿಲ್ಲ. ಬಾವಿಯ ಮಗ್ಗುಲಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳಿದ ಸಾಲಾಳಿನ ಸಂಸಾರ, ಧಣಿಯ ಮಗ ಹೊಲ ಮಾರಿದ ದಿನ ಪಾತ್ರೆ-ಪಡಗ ಹೊತ್ತು ರಸ್ತೆಗೆ ಬರುತ್ತದೆ. ಇದಕ್ಕೆ ಮದ್ದು ಕಾಯ್ದೆಯಲ್ಲೇ ಇತ್ತು. ಭೂಸುಧಾರಣಾ ಕಾಯ್ದೆಯ 38ನೇ ಕಲಮು, ಬೇರೆಯವರ ಜಮೀನಿನಲ್ಲಿ ವಾಸವಿರುವ ಕೃಷಿ ಕೂಲಿಕಾರನಿಗೆ ಆ ಮನೆಯ ಹಕ್ಕು ಕೊಡಲೆಂದೇ ಬರೆದದ್ದು. ಕಾಗೋಡು ತಿಮ್ಮಪ್ಪ ಕಂದಾಯ ಮಂತ್ರಿಯಾಗಿದ್ದಾಗ 38ಎ ಸೇರಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆ ಬಂತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಿಗೆ ಹಕ್ಕುಪತ್ರ ಕೊಡುವ ಮಾತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಬಂದು ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳಿಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ, ಈ ಐದು ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಅವರಿಗೆ ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ. ಆದರೆ ಕಬ್ಬಿನ ಸೀಮೆಯ ಒಂಟಿ ವಸ್ತಿ ತಾಂಡಾದಂತೆ ಗುಂಪಾಗಿಲ್ಲ, ಒಂದು ಬಾವಿಗೆ ಒಂದು ಸಂಸಾರ. ಗುಂಪಿಲ್ಲದವರಿಗೆ ವೇದಿಕೆ ಹಾಕುವವರಿಲ್ಲ. ಕೇರಳದಲ್ಲಿ ಭೂಸುಧಾರಣೆ 1970ರಲ್ಲಿ ಜಾರಿಗೆ ಬಂದಾಗ ಕುಡಿಕಿಡಪ್ಪಿನ, ಅಂದರೆ ಧಣಿಯ ಜಾಗದಲ್ಲೇ ಗುಡಿಸಲಲ್ಲಿದ್ದ, ಕೂಲಿಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ 5, ನಗರದಲ್ಲಿ 3 ಸೆಂಟ್ಸ್ ಎಂದು ಅಳತೆ ಹೇಳಿಯೇ ಹಕ್ಕು ಕೊಟ್ಟರು. ಕಾಸರಗೋಡಿನ ಕನ್ನಡದ ಕೂಲಿಗೆ ಆ ಕಾಯ್ದೆ ಸಿಕ್ಕಿತು. ಕರ್ನಾಟಕದೊಳಗಿನ ಕನ್ನಡದ ಕೂಲಿ ಇನ್ನೂ ಧಣಿಯ ಮುಖ ನೋಡುತ್ತಾನೆ.

ಹೊಳೆಯ ಮಾತಿಗೆ ಬರುತ್ತೇನೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ತುಂಬಿ ಬಂದವು. ಯಡೂರ, ಕಲ್ಲೋಳ, ಮಾಂಜರಿ, ಜುಗೂಳ, ಮಂಗಾವತಿ, ಕುಡಚಿ, ಹುಲಗಬಾಳಿ, ಜತ್ರಾಟ, ಭಿವಶಿ. ಈ ಹೆಸರುಗಳು ಬೆಂಗಳೂರಿನ ಟಿ.ವಿ.ಗಳಿಗೆ ಗೊತ್ತಾಗುವುದೇ ನೀರು ಬಂದಾಗ. ಅಂದಿನ ಸರಕಾರ ತುರ್ತಿಗೆ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು, ಸ್ವಲ್ಪ ಹಾನಿಗೆ 50,000. ಕೇಂದ್ರದ ಮಾರ್ಗಸೂಚಿಯಲ್ಲಿ ಪೂರ್ತಿ ಬಿದ್ದ ಮನೆಗೆ ಇದ್ದದ್ದು 95,100. ಅದರ ಮುಂದೆ 5 ಲಕ್ಷ ದೊಡ್ಡ ಮಾತೇ, ಇಲ್ಲ ಎನ್ನುವುದಿಲ್ಲ. ಆದರೆ ಆ 5 ಲಕ್ಷ ಬಂದದ್ದು ನಂಬರಿಗೆ. ಎಷ್ಟೋ ಮನೆಗಳಲ್ಲಿ ಮುಂದಿನ ಕಲ್ಲಿನ ಕಟ್ಟಡ ತಡೆದುಕೊಂಡಿತು, ಹಿತ್ತಲ ಮಣ್ಣಿನ ಖೋಲಿ ಕುಸಿಯಿತು. ಸರ್ವೆಗೆ ಬಂದವರು ಮುಂದೆ ನಿಂತು ಫೋಟೋ ಹೊಡೆದರು. ಹಿಂದೆ ಬಿದ್ದ ಮನೆಯ ಉತಾರ ಕೇಳಿದರು. ‘ಉತಾರ ಎಲ್ಲಿದ್ರೀ ಸಾಹೇಬ್ರ, ಅಣ್ಣಂದ ಮುಂದಿನ ಮನಿ, ಇದು ನಂದು’ ಎನ್ನುವ ಮಾತು ಯಾವ ನಮೂನೆಯಲ್ಲೂ ತುಂಬುವುದಿಲ್ಲ. ಪೂರ್ತಿ ಮನೆ ಬಿದ್ದಲ್ಲಿ ಜಗಳ ಇನ್ನೊಂದು ಥರ. ಬಿದ್ದದ್ದು ಮೂರು ಸಂಸಾರ, ಬಂದದ್ದು ಒಂದು ಪರಿಹಾರ, ಅದೂ ಅಜ್ಜನ ಹೆಸರಿನವರಿಗೆ, ಇಲ್ಲವೇ ಮೊದಲು ಅರ್ಜಿ ಹಾಕಿದವನಿಗೆ. ಹೊಳೆ ಒಡೆಯದ ಮನೆತನಗಳನ್ನು ಪರಿಹಾರ ಒಡೆಯಿತು. 2021ರ ಜುಲೈಯಲ್ಲಿ ನೀರು ಮತ್ತೆ ಬಂತು. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ಆಲಮಟ್ಟಿಯಲ್ಲಿ ಎಷ್ಟು ಹಿಡಿದರು ಎಂಬುದನ್ನು ಕ್ಯೂಸೆಕ್ಕಿನಲ್ಲಿ ತಾಸಿಗೊಮ್ಮೆ ಹೇಳುವವರಿಗೆ ಎಷ್ಟು ಒಲೆ ಮುಳುಗಿದವು ಎಂಬುದು ಬೇಕಾಗಲಿಲ್ಲ. ಒಲೆಯ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲವಲ್ಲ.

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ, ಗೊತ್ತು. ‘ಹಂಗಾರ ಹೊಳಿ ಬುಡಕ್ಕ, ಗಟಾರದ ಮ್ಯಾಲೆ, ಎಲ್ಲಿ ಬೇಕಲ್ಲಿ ಕಟ್ಟಲೇನು?’ ಕಟ್ಟಬಾರದು. ಬೆಂಕಿಯ ಗಾಡಿ ಹೋಗದ ಓಣಿ ಆಗಬಾರದು, ಪಕ್ಕದ ಮನೆಯ ಗಾಳಿ ಮುಚ್ಚಬಾರದು, ನೀರು ನಿಲ್ಲುವ ಮಟ್ಟದ ಕೆಳಗೆ ಹೊಸ ಖೋಲಿ ಏಳಬಾರದು. ಇವು ಒಪ್ಪಬೇಕಾದ ನಿಯಮಗಳು. ಆದರೆ ಜುಗೂಳ, ಮಂಗಾವತಿಯಲ್ಲಿ ಪ್ರವಾಹದ ನೀರು ನುಗ್ಗುವುದು ಅಧಿಕೃತ ಗಾವಠಾಣದ ಒಳಗೇ. ಎತ್ತರದ ಹೊಲದಲ್ಲಿ ಕಟ್ಟಿಕೊಂಡವನು ಅನಧಿಕೃತ, ಮುಳುಗುವಲ್ಲಿ ಕೂತವನು ಅಧಿಕೃತ. ಇದರಲ್ಲಿ ಸುರಕ್ಷತೆ ಎಲ್ಲಿದೆ ಎಂದು ನನಗೆ ಯಾರಾದರೂ ತೋರಿಸಲಿ. ಎನ್.ಎ. ಮಾಡಿಸಿ ಡಾಂಬರು ಹಾಕಿ ಕಮಾನು ಕಟ್ಟಿದ ಲೇಔಟಿನವರಿಗೆ ಕಾಗದ ಎಷ್ಟು ಬೇಗ ನಡೆದು ಬರುತ್ತದೆ, ಹಿತ್ತಲಿನವನಿಗೆ ಎಷ್ಟು ವರ್ಷ ಕುಂಟುತ್ತದೆ ಎಂಬುದನ್ನೂ ತೋರಿಸಲಿ.

ಬೆಳಕಿನ ಕತೆ ಕೇಳಿ. 2023ರಲ್ಲಿ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯುನಿಟ್‌ವರೆಗೆ, ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು. ಬೆಂಗಳೂರಿನ ಫ್ಲಾಟಿನಲ್ಲಿ ಗಂಡ-ಹೆಂಡತಿ ಇಬ್ಬರಿಗೆ ಒಂದು ಮೀಟರು, ಅವರಿಗೆ ಸೊನ್ನೆ ಬಿಲ್ಲು. ಇಲ್ಲಿ ಮೂರು ಸಂಸಾರಕ್ಕೆ ಒಂದು ಮೀಟರು, ಮೂರು ಟಿ.ವಿ., ಒಂದು ಹಿಟ್ಟಿನ ಗಿರಣಿಯ ಆಸೆ. ಬೇಸಿಗೆಯಲ್ಲಿ 200 ದಾಟಿತೋ, ಬಡವರಿಗೆಂದು ಬಂದ ಯೋಜನೆ ಆ ಬಾಗಿಲಿನಿಂದ ಹಿಂದೆ ಸರಿಯಿತು. ಎರಡನೆಯ ಮೀಟರು ಕೇಳಿದರೆ ಎರಡನೆಯ ಉತಾರ ಕೇಳುತ್ತಾರೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬೇಡಿ ಎಂದಿತು. ಆ ಪ್ರಕರಣ ಮೀರತ್ತಿನಲ್ಲಿ ಮನೆಯ ಜಾಗದ ಮೇಲೆ ಎದ್ದ ಅಂಗಡಿಗಳದ್ದು. ಏಟು ಬಿದ್ದದ್ದು ಕರ್ನಾಟಕದ ಸಣ್ಣ ಮನೆಗಳಿಗೂ. ಗದ್ದಲವಾದ ಮೇಲೆ 2025ರಲ್ಲಿ ರಾಜ್ಯ ಸರಕಾರ 1200 ಚದರಡಿವರೆಗಿನ ನಿವೇಶನದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ನಿವೇಶನ ತನ್ನದೆಂದು ತೋರಿಸಲಾರದವನಿಗೆ ಆ ವಿನಾಯಿತಿ ಯಾತಕ್ಕೆ ಬಂತು?

ನಿಪ್ಪಾಣಿಗೆ ಹೋಗಿ. ತಂಬಾಕಿನ ವಖಾರಿಗಳ ಊರು. 1981ರ ತಂಬಾಕು ಬೆಳೆಗಾರರ ಚಳವಳಿ, ಶರದ್ ಜೋಶಿ, ಹೆದ್ದಾರಿಯ ಮೇಲಿನ ಗೋಲಿಬಾರು, ಇದೆಲ್ಲ ಅಷ್ಟಿಷ್ಟು ನೆನಪಿನಲ್ಲಿದೆ. ವಖಾರಿಯಲ್ಲಿ ಘಾಟು ಕುಡಿದು ಕೆಮ್ಮಿದ ಹೆಂಗಸರು, ಮನೆಯ ಹೊಸ್ತಿಲಲ್ಲಿ ಬೀಡಿ ಸುತ್ತಿದ ಹೆಂಗಸರು ಅಷ್ಟು ನೆನಪಿನಲ್ಲಿಲ್ಲ. ಸಂಘ ಕಟ್ಟಿ ಕೂಲಿಗಾಗಿ ಜಗಳ ಆಡಿದವರು ಅವರೂ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ ಬಂತು, ಅದರಡಿ ಮನೆ ಕಟ್ಟಲು ನೆರವೂ ಬಂತು. ನೆರವು ಬೇಕಾದರೆ ಜಾಗದ ಹಕ್ಕು ತೋರಿಸಬೇಕಿತ್ತು. ಬೀಡಿ ಸುತ್ತುವವಳ ಹತ್ತಿರ ಜಾಗ ಎಲ್ಲಿಂದ ಬರಬೇಕು? ಗಂಡ ಬಿಟ್ಟವಳು, ಗಂಡ ಸತ್ತವಳು, ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳು, ಇವರೆಲ್ಲ ತವರಿನ ಹಿತ್ತಲ ಖೋಲಿಯಲ್ಲೇ ಇರುವವರು. ತವರಿನ ನಂಬರಿನಲ್ಲಿ ಅವಳ ಹೆಸರಿಲ್ಲ. ಅಣ್ಣನ ಮನಸ್ಸು ಇರುವತನಕ ಖೋಲಿ. ಎರಡನೆಯ ಮನೆಗೆ ಪ್ರತ್ಯೇಕ ನಂಬರು ಎಂಬುದು ಗಂಡಸರ ವಾಟ್ನಿಯ ವ್ಯವಹಾರ ಎಂದುಕೊಂಡವರು ಇವಳನ್ನು ಒಮ್ಮೆ ನೋಡಲಿ. ಆ ಖೋಲಿ ಅವಳ ಹೆಸರಿಗಾದರೆ ಅತ್ತಿಗೆಯ ಕಣ್ಣು ನೋಡಿ ಅವಳು ಅನ್ನ ಉಣ್ಣಬೇಕಿಲ್ಲ.

ಅಥಣಿಯ ಚಪ್ಪಲಿಯ ವಿಷಯವೂ ಇಲ್ಲಿಯದೇ. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಮದಭಾವಿಗಳ ಸಮಗಾರರು ಹೊಲಿಯುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯಲ್ಲಿ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿ ತೋರಿಸಿದಾಗ ದೇಶಕ್ಕೆ ದೇಶವೇ ಅವಮಾನವಾಯಿತೆಂದು ಕೂಗಿತು. ಕೂಗಿದವರು ಸಮಗಾರ ಓಣಿಗೆ ಬಂದಿದ್ದರೆ, ಅಲ್ಲಿ ಹದ ಮಾಡಿದ ತೊಗಲು, ಅಡುಗೆ, ಬಾಣಂತಿ, ಓದುವ ಹುಡುಗಿ ನಾಲ್ಕೂ ಒಂದೇ ಖೋಲಿಯಲ್ಲಿ ಕೂಡಿರುವುದು ಕಾಣುತ್ತಿತ್ತು. ಮಗ್ಗುಲಿಗೆ ಒಂದು ಶೆಡ್ಡು ಇಳಿಸಿದರೆ ಅದು ಅನಧಿಕೃತ. ಕುಶಲಕರ್ಮಿಗೆ ಸಾಲ ಕೊಡುವ ಬ್ಯಾಂಕು ಆ ಶೆಡ್ಡಿನ ಉತಾರ ಕೇಳುತ್ತದೆ.

ಅಮೆರಿಕದ ಮಾತು ಎತ್ತಿದರೆ ನಮ್ಮ ಕಚೇರಿಗಳು ಕೇಳುತ್ತವೆ, ಅದಕ್ಕೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿಯೂ ಹಿತ್ತಲಲ್ಲಿ ಎರಡನೆಯ ಪುಟ್ಟ ಮನೆ ಕಟ್ಟಲು ಊರ ಸಭೆಗಳು ನೂರೆಂಟು ಅಡ್ಡಿ ಹಾಕುತ್ತಿದ್ದವು. ಸೈಟು ಸಣ್ಣದು, ಕಾರು ನಿಲ್ಲಿಸಲು ಜಾಗ ತೋರಿಸು, ಮಾಲೀಕ ಅಲ್ಲೇ ಇರಬೇಕು. ಮನೆಯ ಬರ ತಡೆಯಲಾರದೆ ರಾಜ್ಯ ಸರಕಾರ ಊರುಗಳ ತಲೆಯ ಮೇಲಿಂದ ಕಾನೂನು ತಂದಿತು. 2020ರಿಂದ ಅರ್ಜಿ ಹಾಕಿದ 60 ದಿನದೊಳಗೆ ತೀರ್ಮಾನ ಹೇಳಬೇಕು, ಸುಮ್ಮನಿದ್ದರೆ ಒಪ್ಪಿಗೆಯೇ ಸಿಕ್ಕಂತೆ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬ ಊರಿನಿಂದ ಬರುವ ಅಪ್ಪ-ಅವ್ವನಿಗೆಂದು ಹಿತ್ತಲಲ್ಲಿ ಖೋಲಿ ಕಟ್ಟಿದರೆ ಅದು ಕಾಯ್ದೆಯ ಮನೆ. ಅದೇ ಅಪ್ಪ-ಅವ್ವ ರಾಯಬಾಗದಲ್ಲಿ ಬಿಟ್ಟು ಹೋದ ಹಿತ್ತಲಲ್ಲಿ ತಮ್ಮ ಕಟ್ಟಿದ್ದು ಅಕ್ರಮ.

ನಮ್ಮವರ ದಾರಿ ಗೊತ್ತಲ್ಲ, ಅಕ್ರಮ-ಸಕ್ರಮ. ಪಟ್ಟಣಗಳಿಗೆಂದು ತಂದ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. 2025ರಲ್ಲಿ ಬೆಂಗಳೂರಿನಾಚೆಯ ಪಟ್ಟಣಗಳ ಅನಧಿಕೃತ ಸೈಟುಗಳಿಗೂ ಬಿ-ಖಾತಾ ಬಂತು. ಮೊದಲ ಸಲ ದುಪ್ಪಟ್ಟು ತೆರಿಗೆ ಕಟ್ಟಿ, ಖಾತಾ ಒಯ್ಯಿರಿ. ಹಳ್ಳಿಗಳಿಗೂ ಕಾಯ್ದೆ ತಿದ್ದಿದರು. ಅಂದರೆ ತೆರಿಗೆ ವಸೂಲಿಗೆ ನಿನ್ನ ಮನೆ ಕಾಣುತ್ತದೆ, ಪರವಾನಗಿಗೆ ಕಾಣುವುದಿಲ್ಲ. ಪೂರ್ತಿ ನೋಡಿದರೆ ಪೂರ್ತಿ ಹಕ್ಕು ಕೊಡಬೇಕಾಗುತ್ತದೆ ಎಂದು ಒಂದು ಕಣ್ಣು ತೆರೆದು ಮಲಗುವ ಬೆಕ್ಕಿನ ಹಾಗೆ ಈ ಸರಕಾರ. ಬಿ-ಖಾತಾವೂ ಸೈಟಿಗೆ ಸಿಗುವುದು, ಸೈಟಿನೊಳಗಿನ ಎರಡನೆಯ ಒಲೆಗಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಶುರುವಾದಾಗ ಒಂದು ಮನೆಗೆ ಕನಿಷ್ಠ 25 ಚದರ ಮೀಟರ್ ಸಾಕು ಎಂದು ಬರೆಯಿತು. ಸುಮಾರು 269 ಚದರಡಿ. ಬಯಲು ಸೀಮೆಗೆ 1.20 ಲಕ್ಷ ರೂಪಾಯಿ. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಈ ಲೆಕ್ಕದಲ್ಲಿ ಹಿತ್ತಲಿನ ಕಿರಿಯವನದು ಬೇರೆಯೇ ಕುಟುಂಬ, ಅವನ ಪತ್ರಾಸಿನ ಖೋಲಿ ಎಷ್ಟೋ ಸಲ 269 ಚದರಡಿಗಿಂತ ದೊಡ್ಡದು. ಒಂದು ಇಲಾಖೆಗೆ ಅವನು ಬೇರೆ ಕುಟುಂಬ, ಇನ್ನೊಂದಕ್ಕೆ ಅವನ ಮನೆ ಬೇರೆ ಮನೆಯೇ ಅಲ್ಲ. ಅಪ್ಪನ ಮನೆಗೆ ಆರ್‌ಸಿಸಿ ಬಿದ್ದಿದ್ದರಂತೂ ಮುಗಿಯಿತು, ‘ನಿಮ್ಮದು ಪಕ್ಕಾ ಮನೆ ಐತಲ್ಲೋ’ ಎಂದು ಪಟ್ಟಿಯಿಂದ ಹೊಡೆದು ಹಾಕುತ್ತಾರೆ.

ಚಿಕ್ಕೋಡಿ ಜಿಲ್ಲೆಯಾಗಬೇಕೆಂದು ಜೆ.ಎಚ್. ಪಟೇಲರ ಕಾಲದಿಂದ ಕೇಳುತ್ತ ಬಂದಿದ್ದೇವೆ. ಆಗಲಿ. ಆದ ದಿನ ಕಚೇರಿಗಳು ಬರುತ್ತವೆ, ಗುಮಾಸ್ತರು, ಮಾಸ್ತರರು, ನರ್ಸುಗಳು ಬರುತ್ತಾರೆ. ಅವರೆಲ್ಲ ಇಳಿಯುವುದು ಹಿತ್ತಲ ಭಾಡಿಗೆ ಖೋಲಿಗಳಿಗೇ. ಬಂಗಲೆ ಕಟ್ಟಿದವರು ಖೋಲಿ ಭಾಡಿಗೆ ಕೊಡುವುದಿಲ್ಲ. ಗಂಡ ಸತ್ತ ಮುದುಕಿ ಹಿಂದಿನ ಖೋಲಿ ಕೊಟ್ಟು ಔಷಧದ ಖರ್ಚು ತೆಗೆಯುತ್ತಾಳೆ. ಅವಳ ಖೋಲಿಗೆ ಕಾಗದವಿಲ್ಲದೆ ಹೋದರೆ ಭಾಡಿಗೆ ಕರಾರಿಲ್ಲ. ಕರಾರಿಲ್ಲದೆ ನರ್ಸಮ್ಮನಿಗೆ ಗ್ಯಾಸು ಸಿಗುವುದಿಲ್ಲ, ವಿಳಾಸ ಬದಲಾಗುವುದಿಲ್ಲ, ಡಿಪಾಜಿಟ್ಟು ನುಂಗಿದರೆ ಕೇಳುವವರೂ ಇಲ್ಲ. ಜಿಲ್ಲೆಗಾಗಿ ಬಂದ್ ಮಾಡಿದವರು ಒಂದು ದಿನ ಈ ಖೋಲಿಗಾಗಿಯೂ ಅಂಗಡಿ ಮುಚ್ಚಲಿ.

ನಾವು ಕೇಳುವುದು ಪುಕ್ಕಟೆ ಮನೆಯಲ್ಲ. ಕಟ್ಟಿದ್ದು ನಮ್ಮ ಮೈಯಿಂದ, ಸಂಘದ ಸಾಲದಿಂದ, ತಾಳಿ ಅಡವಿಟ್ಟು. ಗಾವಠಾಣದ ಸುತ್ತ ಇನ್ನೂರು ಮೀಟರ್ ಬಿಡಿ. ವಾಟ್ನಿಯ ಕಾಗದ ಆಮೇಲೆ ಬರಲಿ, ಇಂದು ಉರಿಯುವ ಒಲೆಗೆ ಇಂದು ಉಪನಂಬರು ಹಾಕಿ: 142ರ ಹಿತ್ತಲಿನವನಿಗೆ 142/1. ಅದರಿಂದ ಜಾಗದ ಹಕ್ಕು ಬದಲಾಗಬೇಕಿಲ್ಲ, ಮೀಟರಿಗೆ ಮತ್ತು ಪರಿಹಾರದ ಪಟ್ಟಿಗೆ ಸಾಕು. 38ಎ ಅನ್ನು ತಾಂಡಾದಲ್ಲಿ ಓದಿದಂತೆ ತೋಟದ ವಸ್ತಿಯಲ್ಲೂ ಓದಿ.

ಮುಂದಿನ ಗ್ರಾಮಸಭೆಗೆ ಹೋಗುವವರು ಸಾಲಾಗಿ ಎದ್ದು ತಮ್ಮ ತಮ್ಮ ಮನೆಯ ಒಲೆಗಳ ಲೆಕ್ಕ ಹೇಳಿ, ಠರಾವಿನ ಪುಸ್ತಕದಲ್ಲಿ ಬರೆಸಿ. ಪಿ.ಡಿ.ಒ. ಸಾಹೇಬರು ಬರೆದುಕೊಳ್ಳುವುದಿಲ್ಲ ಎಂದರೆ, ಏಕೆ ಬರೆದುಕೊಳ್ಳುವುದಿಲ್ಲ ಎಂಬುದನ್ನಾದರೂ ಅದೇ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿ, ಸಹಿ ಹಾಕಿಸಿಕೊಂಡು ಬನ್ನಿ. ಮಳೆಗಾಲದಲ್ಲಿ ಕೊಯ್ನಾದ ಬಾಗಿಲು ತೆರೆಯುವ ಮೊದಲು ಆ ನಕಲು ನಮ್ಮ ಕೈಯಲ್ಲಿರಬೇಕು.